ಕದ್ದು ಹೊರದೇಶಕ್ಕೆ ಸಾಗಿಸಿದ ಸಾರ್ವಜನಿಕ ಹಣವನ್ನು ಮರಳಿ ತರುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಅಧಿಕಾರದಲ್ಲಿದ್ದವರು ಬೊಕ್ಕಸದಿಂದ ದೋಚಿದ ಹಣ ಒಮ್ಮೆ ಗಡಿ ದಾಟಿತೆಂದರೆ ಅದು ಹೋದಂತೆಯೇ ಎಂಬ ಭಾವನೆ ಬಹಳ ಜನರಲ್ಲಿದೆ. ಫಿಲಿಪ್ಪೀನ್ಸ್, ಪೆರು, ನೈಜೀರಿಯಾ, ಮಲೇಷ್ಯಾ ಮುಂತಾದ ದೇಶಗಳು ಅಂಥ ಹಣವನ್ನು ಕೋಟಿಗಟ್ಟಲೆ ಡಾಲರ್‌ಗಳಲ್ಲಿ ಮರಳಿ ಪಡೆದಿರುವುದರಿಂದ ಆ ಭಾವನೆ ಸರಿಯಲ್ಲ. ಆದರೆ ಅಭಿವೃದ್ಧಿಶೀಲ ದೇಶಗಳಿಂದ ಲಂಚ ಮತ್ತು ದುರ್ವಿನಿಯೋಗದ ಮೂಲಕ ಪ್ರತಿವರ್ಷ 2,000 ಕೋಟಿಯಿಂದ 4,000 ಕೋಟಿ ಡಾಲರ್‌ವರೆಗೆ ಕಳವಾಗುತ್ತದೆ ಎಂದು ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಗಳು ಜಂಟಿಯಾಗಿ ನಡೆಸುವ ಸ್ಟಾರ್ ಉಪಕ್ರಮ ಅಂದಾಜಿಸಿದೆ. ಅದರೊಂದಿಗೆ ಹೋಲಿಸಿದರೆ ಮರಳಿ ಬಂದಿರುವುದು ತೀರ ಸಣ್ಣ ಪಾಲು.

ಈ ಅಂತರಕ್ಕೆ ಸಾಮಾನ್ಯವಾಗಿ ಹೊರದೇಶದ ಬ್ಯಾಂಕುಗಳ ಗೋಪ್ಯತೆಯನ್ನು ದೂರಲಾಗುತ್ತದೆ. ಗೋಪ್ಯತೆ ದೊಡ್ಡ ಅಡ್ಡಿಯೇ ಹೌದು. ಆದರೆ ಪತ್ತೆಯಾಗಿ, ತಡೆಹಿಡಿಯಲ್ಪಟ್ಟು, ಇನ್ನೇನು ಕೈಗೆ ಬರಬೇಕಾಗಿದ್ದ ಹಣವೂ ಆರೋಪಿಯ ಕುಟುಂಬಕ್ಕೇ ವಾಪಸಾದ ಪ್ರಕರಣಗಳನ್ನು ಗಮನಿಸಿದರೆ, ಸೋಲು ಬಹುಪಾಲು ಸ್ವದೇಶದ ಮೊಕದ್ದಮೆ ಗಟ್ಟಿಯಾಗಿಲ್ಲದ ಕಡೆ ಸಂಭವಿಸಿದೆ ಎಂಬುದು ಕಾಣುತ್ತದೆ. ಹಣ ತಡೆಹಿಡಿದ ಮಾತ್ರಕ್ಕೆ ಅದು ಮರುವಶವಾಗುವುದಿಲ್ಲ ಎಂಬ ಎಚ್ಚರ ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯ ಹಿಂದೆಯೂ ಇದೆ. ತನಿಖಾಧಿಕಾರಿಗಳು, ಸರ್ಕಾರಿ ವಕೀಲರು, ಅವರ ಮೇಲೆ ಒತ್ತಡ ತರಬಲ್ಲ ಪತ್ರಕರ್ತರು ಹಾಗೂ ನಾಗರಿಕ ಸಂಘಟನೆಗಳು ಇದನ್ನು ಬಳಸಬಹುದು.

ಹೊರಡುವ ಮೊದಲು: ಕಾನೂನಿನ ನೆಲೆ

ಇಡೀ ಕೆಲಸದ ಅಡಿಪಾಯ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆ. 2003ರ ಅಕ್ಟೋಬರ್ 31ರಂದು ಮಹಾಸಭೆ ಅಂಗೀಕರಿಸಿದ ಈ ಒಡಂಬಡಿಕೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಮೆರಿಡಾ ನಗರದಲ್ಲಿ ಸಹಿಗೆ ತೆರೆದುಕೊಂಡು, 2005ರ ಡಿಸೆಂಬರ್ 14ರಂದು ಜಾರಿಗೆ ಬಂತು. ಇದರ ಐದನೆಯ ಅಧ್ಯಾಯ ಪೂರ್ತಿಯಾಗಿ ಆಸ್ತಿ ಮರುವಶಕ್ಕೆ ಮೀಸಲು. ಆಸ್ತಿಯನ್ನು ಹಿಂದಿರುಗಿಸುವುದು ಒಡಂಬಡಿಕೆಯ ಮೂಲಭೂತ ತತ್ತ್ವವೆಂದು 51ನೆಯ ವಿಧಿ ಹೇಳುತ್ತದೆ. ಕೆಲಸಕ್ಕೆ ಕೈಹಾಕುವವರು ಕೆಲವು ವಿಧಿಗಳನ್ನು ಬಾಯಿಪಾಠವಾಗುವಷ್ಟು ಓದಿಕೊಳ್ಳಬೇಕು. 46ನೆಯದು ಪರಸ್ಪರ ಕಾನೂನು ನೆರವಿನ, ಅಂದರೆ ತನಿಖೆ ಮತ್ತು ಮೊಕದ್ದಮೆಗಳಲ್ಲಿ ದೇಶಗಳು ಒಂದಕ್ಕೊಂದು ನೀಡುವ ಸಹಾಯದ ಕುರಿತಾದದ್ದು, ಬ್ಯಾಂಕ್ ಗೋಪ್ಯತೆಯ ಕಾರಣ ನೀಡಿ ನೆರವು ನಿರಾಕರಿಸುವಂತಿಲ್ಲ ಎಂಬ ಮಾತು ಅದರಲ್ಲಿಯೇ ಇದೆ. 53ನೆಯದು ಒಂದು ದೇಶ ಇನ್ನೊಂದು ದೇಶದ ನ್ಯಾಯಾಲಯದಲ್ಲಿ ನೇರವಾಗಿ ದಾವೆ ಹೂಡಲು ದಾರಿ ಮಾಡಿಕೊಡುತ್ತದೆ. 54 ಮತ್ತು 55 ಮುಟ್ಟುಗೋಲಿಗೆ ಸಂಬಂಧಿಸಿವೆ. 57ನೆಯದು ಮುಟ್ಟುಗೋಲಾದ ಆಸ್ತಿ ಯಾರಿಗೆ ಸೇರಬೇಕು ಎಂಬುದನ್ನು ನಿರ್ಧರಿಸುತ್ತದೆ.

ಈ 57ನೆಯ ವಿಧಿಯಲ್ಲಿ ಒಂದು ಸೂಕ್ಷ್ಮವಿದೆ. ಸಾರ್ವಜನಿಕ ಹಣದ ದುರ್ವಿನಿಯೋಗವೆಂದು ಸಾಬೀತಾದ ಸಂದರ್ಭದಲ್ಲಿ ಮುಟ್ಟುಗೋಲಾದ ಆಸ್ತಿಯನ್ನು ಕೋರಿಕೆ ಸಲ್ಲಿಸಿದ ದೇಶಕ್ಕೆ ಹಿಂದಿರುಗಿಸಲೇಬೇಕು. ಲಂಚದಂತಹ ಇತರ ಅಪರಾಧಗಳಲ್ಲಾದರೆ ಆ ದೇಶ ಮೊದಲು ತನ್ನ ಮಾಲೀಕತ್ವವನ್ನು ಅಥವಾ ತನಗಾದ ನಷ್ಟವನ್ನು ತೋರಿಸಬೇಕು. ಆದ್ದರಿಂದ ಪ್ರಕರಣವನ್ನು ಯಾವ ಅಪರಾಧದ ಹೆಸರಿನಲ್ಲಿ ದಾಖಲಿಸುತ್ತೀರಿ ಎಂಬುದು ಹತ್ತು ವರ್ಷಗಳ ನಂತರ ಹಣ ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದನ್ನು ಈಗಲೇ ತೀರ್ಮಾನಿಸುತ್ತದೆ. ಬಹಳಷ್ಟು ತನಿಖಾ ತಂಡಗಳು ಈ ಲೆಕ್ಕಾಚಾರವನ್ನು ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ ಮಾಡುತ್ತವೆ, ಆಗ ತಡವಾಗಿರುತ್ತದೆ.

ಇದರ ಜೊತೆಗೆ, ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವ ಕಂಪನಿಗಳನ್ನು ಶಿಕ್ಷಿಸುವ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಒಪ್ಪಂದ 1999ರಿಂದ ಜಾರಿಯಲ್ಲಿದೆ. 1989ರಲ್ಲಿ ಸ್ಥಾಪನೆಯಾದ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆ ಅಕ್ರಮ ಹಣ ವರ್ಗಾವಣೆ ತಡೆಗೆ ನಲವತ್ತು ಶಿಫಾರಸುಗಳನ್ನು ರೂಪಿಸಿ ದೇಶಗಳನ್ನು ಅವುಗಳ ಆಧಾರದ ಮೇಲೆ ಅಳೆಯುತ್ತದೆ. ಬ್ಯಾಂಕುಗಳು ರಾಜಕೀಯ ಪ್ರಭಾವವುಳ್ಳ ಗ್ರಾಹಕರ ಮೇಲೆ ಹೆಚ್ಚಿನ ನಿಗಾ ಇಡಬೇಕೆಂಬ ನಿಯಮ ಬಂದದ್ದು ಅಲ್ಲಿಂದಲೇ.

ಮೊದಲ ಹೆಜ್ಜೆ: ವ್ಯಕ್ತಿಯ ಆದಾಯದ ಚಿತ್ರ ಬಿಡಿಸಿ

ತನಿಖೆಯನ್ನು ಖಾತೆಗಳ ಹುಡುಕಾಟದಿಂದ ಶುರುಮಾಡಬೇಡಿ. ಆ ವ್ಯಕ್ತಿ ಅಧಿಕಾರದಲ್ಲಿದ್ದ ಅವಧಿಯಲ್ಲಿ ನ್ಯಾಯಬದ್ಧವಾಗಿ ಎಷ್ಟು ಗಳಿಸಲು ಸಾಧ್ಯವಿತ್ತು ಎಂಬ ಮೊತ್ತವನ್ನು ಮೊದಲು ಕಾಗದದ ಮೇಲೆ ತನ್ನಿ. ಸಂಬಳದ ದಾಖಲೆ, ತೆರಿಗೆ ವಿವರ, ಆಸ್ತಿ ಘೋಷಣೆ, ಪಿತ್ರಾರ್ಜಿತ ಆಸ್ತಿಯ ಪತ್ರಗಳು ಇದಕ್ಕೆ ಸಾಕಾಗುತ್ತವೆ, ಮತ್ತು ಇವೆಲ್ಲ ಸ್ವದೇಶದಲ್ಲಿಯೇ ಸಿಗುತ್ತವೆ.

ಇದು ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಫಿಲಿಪ್ಪೀನ್ಸ್‌ನ ಅಧ್ಯಕ್ಷರಾಗಿದ್ದ ಫರ್ಡಿನಾಂಡ್ ಮಾರ್ಕೋಸ್ ಪ್ರಕರಣ ನೋಡಬೇಕು. ಮಾರ್ಕೋಸ್ ದಂಪತಿಗಳು 1965ರಿಂದ 1986ರವರೆಗೆ ಸಾರ್ವಜನಿಕ ಹುದ್ದೆಯಿಂದ ಗಳಿಸಿದ ಕಾನೂನುಬದ್ಧ ಆದಾಯ ಒಟ್ಟು 3,04,372 ಡಾಲರ್ ಎಂದು ಆ ದೇಶದ ಸುಪ್ರೀಂ ಕೋರ್ಟ್ ಲೆಕ್ಕ ಹಾಕಿತು. ಸ್ವಿಟ್ಜರ್ಲೆಂಡ್‌ನಿಂದ ಬಂದಿದ್ದ ಠೇವಣಿಯ ಮೊತ್ತ ಸುಮಾರು 65.8 ಕೋಟಿ ಡಾಲರ್. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕುಟುಂಬ ವಿವರಿಸಲಾರದೆ ಹೋದದ್ದೇ 2003ರ ಜುಲೈ ತಿಂಗಳ ಮುಟ್ಟುಗೋಲು ತೀರ್ಪಿನ ತಿರುಳು. ಈಕ್ವಟೋರಿಯಲ್ ಗಿನಿಯ ಅಧ್ಯಕ್ಷರ ಮಗ ಟಿಯೊಡೊರೊ ಒಬಿಯಾಂಗ್ ಮಂಗೆ ವಿರುದ್ಧ ಅಮೆರಿಕದ ನ್ಯಾಯ ಇಲಾಖೆ ಹೂಡಿದ ಪ್ರಕರಣದಲ್ಲಿಯೂ ಇದೇ ತರ್ಕವಿತ್ತು: ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಸಂಬಳದ ಸಚಿವರ ಬಳಿ 30 ಕೋಟಿ ಡಾಲರ್‌ಗೂ ಮೀರಿದ ಆಸ್ತಿ ಸೇರಿದ್ದು ಹೇಗೆ?

ಕೆಲವು ದೇಶಗಳಲ್ಲಿ ಆದಾಯಕ್ಕೆ ಮೀರಿದ ಆಸ್ತಿ ಹೊಂದಿರುವುದೇ ಅಪರಾಧ. ಬ್ರಿಟನ್ 2018ರಿಂದ ‘ವಿವರಣೆಯಿಲ್ಲದ ಸಂಪತ್ತಿನ ಆದೇಶ’ ಎಂಬ ಸಾಧನವನ್ನು ಬಳಕೆಗೆ ತಂದಿದೆ. ಆ ಆದೇಶ ಪಡೆದವರು ಆಸ್ತಿ ಖರೀದಿಗೆ ಹಣ ಎಲ್ಲಿಂದ ಬಂತೆಂದು ಹೇಳಬೇಕು. ಇಂಥ ಕಾನೂನು ಇಲ್ಲದ ಕಡೆಯೂ ಆದಾಯದ ಚಿತ್ರ ನ್ಯಾಯಾಧೀಶರಿಗೆ ಪ್ರಕರಣವನ್ನು ಅರ್ಥಮಾಡಿಸುವ ಅತ್ಯುತ್ತಮ ದಾಖಲೆಯಾಗಿರುತ್ತದೆ.

ಎರಡನೆಯ ಹೆಜ್ಜೆ: ಹಣದ ಜಾಡು ಹಿಡಿಯಿರಿ

ಜಾಡು ಹಿಡಿಯುವ ಕೆಲಸವನ್ನು ಹಣ ಹೊರಟ ತುದಿಯಿಂದ ಆರಂಭಿಸುವುದು ಒಳ್ಳೆಯದು. ನೈಜೀರಿಯಾದ ಸೇನಾ ಆಡಳಿತಗಾರ ಸಾನಿ ಅಬಾಚಾ ಕಾಲದಲ್ಲಿ ರಾಷ್ಟ್ರೀಯ ಭದ್ರತೆಯ ಹೆಸರಿನ ಸುಳ್ಳು ಪತ್ರಗಳ ಮೇಲೆ ಕೇಂದ್ರ ಬ್ಯಾಂಕಿನಿಂದ ಹಣ ತೆಗೆಯಲಾಗುತ್ತಿತ್ತು. ಆ ಪತ್ರಗಳು ಬ್ಯಾಂಕಿನ ಕಡತಗಳಲ್ಲಿಯೇ ಉಳಿದಿದ್ದರಿಂದ ಯಾವ ದಿನ ಎಷ್ಟು ಹಣ ಹೊರಬಿತ್ತು ಎಂಬುದನ್ನು ತೋರಿಸಲು ಸಾಧ್ಯವಾಯಿತು. ಮಾರ್ಕೋಸ್ ಪ್ರಕರಣದಲ್ಲಿ ದಾಖಲೆಗಳು ಸಿಕ್ಕಿದ್ದು ಕುಟುಂಬ ಪಲಾಯನ ಮಾಡಿದ ಮೇಲೆ ಅಧ್ಯಕ್ಷರ ಅರಮನೆಯಲ್ಲಿ. 1968ರಲ್ಲಿ ಜ್ಯೂರಿಕ್‌ನ ಬ್ಯಾಂಕಿನಲ್ಲಿ ‘ವಿಲಿಯಂ ಸಾಂಡರ್ಸ್’ ಎಂಬ ಹೆಸರಿನಲ್ಲಿ ಅಧ್ಯಕ್ಷರೂ ‘ಜೇನ್ ರಯಾನ್’ ಎಂಬ ಹೆಸರಿನಲ್ಲಿ ಅವರ ಪತ್ನಿ ಇಮೆಲ್ಡಾ ಅವರೂ ಖಾತೆ ತೆರೆದಿದ್ದರು. ಸಹಿ ದೃಢೀಕರಣದ ಪತ್ರದಲ್ಲಿ ಸುಳ್ಳು ಹೆಸರಿನ ಸಹಿಯ ಜೊತೆಗೆ ಫರ್ಡಿನಾಂಡ್ ಮಾರ್ಕೋಸ್ ಎಂಬ ನಿಜ ಸಹಿಯೂ ಇತ್ತು. ಗುಪ್ತ ಖಾತೆಯಿಂದ ಹಣ ತೆಗೆಯಬೇಕಾದರೆ ಅದು ತನ್ನದೆಂದು ಎಲ್ಲಿಯಾದರೂ ಒಂದು ಕಡೆ ಬರೆದಿಡಲೇಬೇಕಾಗುತ್ತದೆ. ತನಿಖಾಧಿಕಾರಿ ಹುಡುಕಬೇಕಾದದ್ದು ಆ ಒಂದು ಕಾಗದವನ್ನು.

ಈಗಿನ ಕಾಲದಲ್ಲಿ ಆ ಕಾಗದ ಸುಳ್ಳು ಹೆಸರಿನ ಖಾತೆಯಲ್ಲಿ ಸಿಗುವುದಕ್ಕಿಂತ ಶೆಲ್ ಕಂಪನಿಗಳ, ಅಂದರೆ ಕಾಗದದ ಮೇಲಷ್ಟೇ ಇರುವ ಕಂಪನಿಗಳ ಸರಪಳಿಯಲ್ಲಿ ಸಿಗುವ ಸಂಭವ ಹೆಚ್ಚು. ಒಂದು ದೇಶದಲ್ಲಿ ನೋಂದಣಿಯಾದ ಕಂಪನಿ, ಅದರ ಷೇರುಗಳನ್ನು ಹೊಂದಿರುವ ಇನ್ನೊಂದು ದೇಶದ ಟ್ರಸ್ಟ್, ಮೂರನೆಯ ದೇಶದಲ್ಲಿ ಖಾತೆ, ನಾಲ್ಕನೆಯದರಲ್ಲಿ ಬಂಗಲೆ ಎಂಬಂತೆ ಆಸ್ತಿ ಹರಡಿಕೊಂಡಿರುತ್ತದೆ. ನಿರ್ದೇಶಕರ ಹೆಸರುಗಳು ಬಾಡಿಗೆಯವಾಗಿರುತ್ತವೆ. ಕಂಪನಿಯ ನಿಜವಾದ ಮಾಲೀಕರು ಯಾರೆಂದು ತಿಳಿಯುವುದೇ ಮುಖ್ಯ ಪ್ರಶ್ನೆ. 2016ರ ಏಪ್ರಿಲ್‌ನಲ್ಲಿ ಹೊರಬಂದ ಪನಾಮಾ ಪೇಪರ್ಸ್‌ನ 1.15 ಕೋಟಿ ದಾಖಲೆಗಳು ಒಂದೇ ಒಂದು ಕಾನೂನು ಸಂಸ್ಥೆ ಎರಡು ಲಕ್ಷಕ್ಕೂ ಹೆಚ್ಚು ಇಂಥ ಕಂಪನಿ ಮತ್ತು ಟ್ರಸ್ಟ್‌ಗಳೊಂದಿಗೆ ನಂಟು ಹೊಂದಿದ್ದುದನ್ನು ತೋರಿಸಿದವು. ಸೋರಿಕೆಯಾದ ದಾಖಲೆಗಳನ್ನು ಸುಳಿವಾಗಿ ಬಳಸಿ, ಆದರೆ ನ್ಯಾಯಾಲಯಕ್ಕೆ ಅದೇ ಸಂಗತಿಯನ್ನು ಬ್ಯಾಂಕಿನಿಂದ ಅಥವಾ ನೋಂದಣಿ ಕಚೇರಿಯಿಂದ ಅಧಿಕೃತವಾಗಿ ಪಡೆದು ಒದಗಿಸಿ.

ಮಾಲೀಕರ ನೋಂದಣಿ ಪುಸ್ತಕಗಳು ಎಲ್ಲ ಕಡೆ ಒಂದೇ ರೀತಿ ತೆರೆದಿಲ್ಲ. ಬ್ರಿಟನ್ 2016ರಲ್ಲಿ ಕಂಪನಿಗಳ ನಿಯಂತ್ರಕರ ಸಾರ್ವಜನಿಕ ದಾಖಲೆ ಆರಂಭಿಸಿತು. ಐರೋಪ್ಯ ಒಕ್ಕೂಟದಲ್ಲಿ ಇಂಥ ದಾಖಲೆಗಳು ಎಲ್ಲರಿಗೂ ತೆರೆದಿರಬೇಕೆಂಬ ನಿಯಮವನ್ನು ಅಲ್ಲಿನ ನ್ಯಾಯಾಲಯ 2022ರ ನವೆಂಬರ್ 22ರಂದು ರದ್ದುಪಡಿಸಿತು. ಅಮೆರಿಕ 2025ರ ಮಾರ್ಚ್‌ನಲ್ಲಿ ತನ್ನ ನೆಲದಲ್ಲಿ ಸ್ಥಾಪಿತವಾದ ಕಂಪನಿಗಳಿಗೆ ಮಾಲೀಕರ ವಿವರ ಸಲ್ಲಿಸುವುದರಿಂದ ವಿನಾಯಿತಿ ಕೊಟ್ಟಿತು. ಇವೆರಡೂ ಹಿಂದಡಿಯ ಹೆಜ್ಜೆಗಳೆಂದು ನಾನು ಸ್ಪಷ್ಟವಾಗಿ ನಂಬುತ್ತೇನೆ, ಏಕೆಂದರೆ ಇವುಗಳಿಂದ ಬಡ ದೇಶದ ತನಿಖಾಧಿಕಾರಿಗೆ ಕೆಲವೇ ನಿಮಿಷಗಳಲ್ಲಿ ಸಿಗಬಹುದಾದ ಉತ್ತರಕ್ಕೆ ತಿಂಗಳುಗಟ್ಟಲೆ ಪತ್ರ ವ್ಯವಹಾರ ಮಾಡಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಅಧಿಕೃತ ಪತ್ರಕ್ಕೆ ಮೊದಲು ಮಾತುಕತೆ

ನೇರವಾಗಿ ರಾಯಭಾರ ಕಚೇರಿಯ ಮೂಲಕ ದಪ್ಪನೆಯ ಕೋರಿಕೆ ಪತ್ರ ಕಳುಹಿಸಿಬಿಡುವುದು ಅನನುಭವಿ ತಂಡಗಳ ಸಾಮಾನ್ಯ ರೂಢಿ. ಅದಕ್ಕಿಂತ ಮೊದಲು ಅನೌಪಚಾರಿಕ ಸಂಪರ್ಕದ ಹಾದಿಗಳನ್ನು ಬಳಸಬೇಕು. ನಿಮ್ಮ ದೇಶದ ಹಣಕಾಸು ಗುಪ್ತಚರ ಘಟಕವು, 1995ರಲ್ಲಿ ರೂಪುಗೊಂಡ, ಇಂಥ ಘಟಕಗಳ ಒಕ್ಕೂಟವಾದ ಎಗ್ಮಾಂಟ್ ಗುಂಪಿನ ಸದಸ್ಯನಾಗಿದ್ದರೆ, ಸುರಕ್ಷಿತ ಜಾಲದ ಮೂಲಕ ಇನ್ನೊಂದು ದೇಶದ ಘಟಕವನ್ನು ನೇರವಾಗಿ ಕೇಳಬಹುದು. 2004ರಲ್ಲಿ ಯುರೋಪಿನಲ್ಲಿ ಆರಂಭವಾದ, ಆಸ್ತಿ ಮರುವಶದ ಅಧಿಕಾರಿಗಳನ್ನು ಬೆಸೆಯುವ ಕಾರಿನ್ ಜಾಲ ಮತ್ತು ಅದನ್ನು ಅನುಸರಿಸಿ ದಕ್ಷಿಣ ಆಫ್ರಿಕಾ ಪ್ರದೇಶ, ಏಷ್ಯಾ-ಪೆಸಿಫಿಕ್ ಮುಂತಾದ ಕಡೆ ಹುಟ್ಟಿದ ಸೋದರ ಜಾಲಗಳಲ್ಲಿ ಪ್ರತಿ ದೇಶಕ್ಕೂ ಗೊತ್ತುಪಡಿಸಿದ ಸಂಪರ್ಕಾಧಿಕಾರಿಗಳಿರುತ್ತಾರೆ. 2021ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಆರಂಭವಾದ ಗ್ಲೋಬ್ ಜಾಲ ಭ್ರಷ್ಟಾಚಾರ ತನಿಖಾ ಸಂಸ್ಥೆಗಳನ್ನೇ ಪರಸ್ಪರ ಜೋಡಿಸುತ್ತದೆ.

ಈ ಹಾದಿಯಲ್ಲಿ ಬಂದ ಮಾಹಿತಿಯನ್ನು, ಕೊಟ್ಟವರ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಡಿ. ಒಮ್ಮೆ ಆ ನಂಬಿಕೆ ಮುರಿದರೆ ಮುಂದಿನ ಪ್ರಕರಣದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಈ ಹಂತದಲ್ಲಿ ತಿಳಿಯಬೇಕಾದದ್ದು ಮೂರು ಸಂಗತಿ: ಆಸ್ತಿ ನಿಜಕ್ಕೂ ಅಲ್ಲಿ ಇದೆಯೇ, ಅದನ್ನು ತಡೆಹಿಡಿಯಲು ಅಲ್ಲಿನ ಕಾನೂನು ಯಾವ ಮಟ್ಟದ ಪುರಾವೆ ಕೇಳುತ್ತದೆ, ಮತ್ತು ಕೋರಿಕೆ ಪತ್ರದ ಕರಡನ್ನು ಕಳುಹಿಸುವ ಮೊದಲು ಓದಿ ಸಲಹೆ ಕೊಡಲು ಅವರು ಸಿದ್ಧರಿದ್ದಾರೆಯೇ. ಕೋರಿಕೆ ಪತ್ರಗಳನ್ನು ಸ್ವೀಕರಿಸುವ ಹಲವು ದೇಶಗಳ ಕೇಂದ್ರ ಪ್ರಾಧಿಕಾರಗಳು ಕರಡು ಓದಿಕೊಡುತ್ತವೆ, ಆದರೆ ಕೇಳುವವರೇ ಕಡಿಮೆ.

ನಾಲ್ಕನೆಯ ಹೆಜ್ಜೆ: ತಡೆಹಿಡಿಯುವುದು

ತನಿಖೆಯ ಸುಳಿವು ಸಿಕ್ಕ ಕೂಡಲೇ ಖಾತೆ ಖಾಲಿಯಾಗುತ್ತದೆ. ಆದ್ದರಿಂದ ತಡೆಯಾಜ್ಞೆ ಪತ್ರಿಕಾಗೋಷ್ಠಿಗಿಂತ ಮೊದಲು ಬರಬೇಕು. 1986ರ ಫೆಬ್ರವರಿಯಲ್ಲಿ ಮಾರ್ಕೋಸ್ ದೇಶ ಬಿಟ್ಟು ಓಡಿಹೋದರು; ಮರು ತಿಂಗಳೇ ಸ್ವಿಸ್ ಸರ್ಕಾರ ತಾನಾಗಿ ಅವರ ಆಸ್ತಿಯನ್ನು ತಡೆಹಿಡಿಯಿತು. ಸ್ವಿಟ್ಜರ್ಲೆಂಡ್‌ನಲ್ಲಿ ಇದಕ್ಕಾಗಿಯೇ ರೂಪಿಸಿದ ಪ್ರತ್ಯೇಕ ಕಾನೂನು 2016ರ ಜುಲೈ 1ರಿಂದ ಜಾರಿಯಲ್ಲಿದೆ. ಅಧಿಕಾರ ಪತನವಾದ ದೇಶದಿಂದ ಔಪಚಾರಿಕ ಕೋರಿಕೆ ಬರುವ ಮೊದಲೇ ಆಸ್ತಿಯನ್ನು ಹಿಡಿದಿಡಲು ಅದು ಅವಕಾಶ ಕೊಡುತ್ತದೆ.

ಈ ಹಂತದಲ್ಲಿಯೇ ದೊಡ್ಡ ಅಪಾಯ ಶುರುವಾಗುತ್ತದೆ. 2011ರ ಫೆಬ್ರವರಿಯಲ್ಲಿ ಈಜಿಪ್ಟ್‌ನ ಹೋಸ್ನಿ ಮುಬಾರಕ್ ಅಧಿಕಾರ ಕಳೆದುಕೊಂಡ ದಿನವೇ ಸ್ವಿಟ್ಜರ್ಲೆಂಡ್ ಅವರ ವಲಯದವರ ಆಸ್ತಿಗಳನ್ನು ತಡೆಹಿಡಿಯಿತು. ಅದರ ಮೊತ್ತ ಸುಮಾರು 70 ಕೋಟಿ ಫ್ರಾಂಕ್‌ಗಳಿಗೆ ಏರಿತು. ಈಜಿಪ್ಟ್‌ನ ನ್ಯಾಯಾಲಯಗಳಲ್ಲಿ ಪ್ರಕರಣಗಳು ಬಿಡುಗಡೆಯಲ್ಲಿಯೋ ರಾಜಿಯಲ್ಲಿಯೋ ಮುಗಿದವು. ಪರಸ್ಪರ ನೆರವಿನ ಪ್ರಕ್ರಿಯೆ 2017ರಲ್ಲಿ ನಿಂತುಹೋಯಿತು. 2022ರ ಏಪ್ರಿಲ್‌ನಲ್ಲಿ ಸ್ವಿಸ್ ಅಭಿಯೋಜಕರು ತಮ್ಮದೇ ತನಿಖೆಯನ್ನೂ ಮುಚ್ಚಿ, ಅದುವರೆಗೂ ಉಳಿದಿದ್ದ ಸುಮಾರು 40 ಕೋಟಿ ಫ್ರಾಂಕ್‌ಗಳನ್ನು ಬಿಡುಗಡೆ ಮಾಡಿದರು. ಕಾಂಗೋದ ಅಧ್ಯಕ್ಷರಾಗಿದ್ದ ಮೊಬುಟು ಪ್ರಕರಣವೂ ಹೀಗೆಯೇ ಕೊನೆಗೊಂಡಿತು: 1997ರಲ್ಲಿ ತಡೆಹಿಡಿದ ಸುಮಾರು 77 ಲಕ್ಷ ಫ್ರಾಂಕ್‌ಗಳನ್ನು 2009ರಲ್ಲಿ ಕುಟುಂಬಕ್ಕೆ ಬಿಟ್ಟುಕೊಡಬೇಕಾಯಿತು. ಈ ಎರಡೂ ಪ್ರಕರಣಗಳಲ್ಲಿ ಹಣ ಸಿಕ್ಕಿತ್ತು, ಬ್ಯಾಂಕು ಗೊತ್ತಿತ್ತು, ಹಿಡಿದಿಟ್ಟ ದೇಶಕ್ಕೆ ಕೊಡುವ ಮನಸ್ಸಿತ್ತು.

ಆದ್ದರಿಂದ ತಡೆಯಾಜ್ಞೆ ಹೊರಟ ದಿನವೇ ಒಂದು ದಿನಚರಿ ಆರಂಭಿಸಿ. ಆಜ್ಞೆ ಎಂದು ಮುಗಿಯುತ್ತದೆ, ನವೀಕರಣಕ್ಕೆ ಯಾವ ಪುರಾವೆ ಬೇಕು, ಮೂಲ ಅಪರಾಧಕ್ಕೆ ಎರಡೂ ದೇಶಗಳಲ್ಲಿ ಕಾಲಮಿತಿ ಯಾವಾಗ ಮೀರುತ್ತದೆ ಎಂಬುದು ಅದರಲ್ಲಿರಲಿ. ತಡೆಯನ್ನು ತೆರವುಗೊಳಿಸುವ ಮುನ್ನ, ಸಾಧ್ಯವಿರುವ ಕಡೆಗಳಲ್ಲಿ, ಕೋರಿದ ದೇಶಕ್ಕೆ ತನ್ನ ಕಾರಣಗಳನ್ನು ಹೇಳಲು ಅವಕಾಶ ಕೊಡಬೇಕೆಂದು ಒಡಂಬಡಿಕೆಯ 55ನೆಯ ವಿಧಿ ಹೇಳುತ್ತದೆ. ಆ ಅವಕಾಶ ಬಂದಾಗ ಉತ್ತರಿಸಲು ಒಬ್ಬ ಜವಾಬ್ದಾರಿಯುತ ಅಧಿಕಾರಿ ಹುದ್ದೆಯಲ್ಲಿ ಇರುವಂತೆ ನೋಡಿಕೊಳ್ಳಿ; ಚುನಾವಣೆಯ ನಂತರ ಇಡೀ ತಂಡವನ್ನು ವರ್ಗಾಯಿಸಿದ್ದರಿಂದ ಪತ್ರಗಳು ಉತ್ತರವಿಲ್ಲದೆ ಬಿದ್ದಿರುವಂತಾಗಬಾರದು.

ಐದನೆಯ ಹೆಜ್ಜೆ: ಯಾವ ದಾರಿ?

ಇಲ್ಲಿ ನಾಲ್ಕು ದಾರಿಗಳಿವೆ. ಅಪರಾಧಿಗೆ ಶಿಕ್ಷೆಯಾಗಿ ಅದರ ಆಧಾರದ ಮೇಲೆ ಆಸ್ತಿ ಮುಟ್ಟುಗೋಲಾಗುವುದು ಮೊದಲನೆಯದು ಮತ್ತು ಎಲ್ಲರಿಗೂ ಪರಿಚಿತವಾದದ್ದು. ಆದರೆ ಆರೋಪಿ ಸತ್ತರೆ, ಓಡಿಹೋದರೆ ಅಥವಾ ಅಧಿಕಾರದ ರಕ್ಷಣೆಯಲ್ಲಿದ್ದರೆ ಅದು ಮುಚ್ಚಿಹೋಗುತ್ತದೆ.

ಆಗ ಶಿಕ್ಷೆಯಿಲ್ಲದ ಮುಟ್ಟುಗೋಲು ಎಂಬ ಎರಡನೆಯ ದಾರಿ ಬೇಕಾಗುತ್ತದೆ. ಇದರಲ್ಲಿ ಮೊಕದ್ದಮೆ ಆಸ್ತಿಯ ಮೇಲೆಯೇ ನಡೆಯುತ್ತದೆ. ಆಸ್ತಿ ಅಪರಾಧದ ಫಲವೆಂದು ತೋರಿಸಿದರೆ ಸಾಕು. ಇಂಥ ಅವಕಾಶ ಕಲ್ಪಿಸುವುದನ್ನು ಪರಿಗಣಿಸಿ ಎಂದು 54ನೆಯ ವಿಧಿ ಸದಸ್ಯ ದೇಶಗಳಿಗೆ ಹೇಳಿದೆ. ಅಬಾಚಾ 1998ರಲ್ಲಿಯೇ ತೀರಿಕೊಂಡಿದ್ದರೂ ಅವರು ಅಡಗಿಸಿಟ್ಟ ಹಣ ಎರಡು ದಶಕಗಳ ನಂತರವೂ ಮರಳಿ ಬರುತ್ತಿದ್ದುದು ಇಂಥ ಕಾನೂನುಗಳಿಂದಲೇ. ಸ್ವಿಸ್ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಅಬಾಚಾ ಬಳಗವನ್ನು ಅಪರಾಧ ಸಂಘಟನೆಯೆಂದು ಪರಿಗಣಿಸಿತು. ಹಣ ನ್ಯಾಯಬದ್ಧವೆಂದು ಸಾಬೀತುಪಡಿಸುವ ಹೊಣೆ ಇದರಿಂದ ಕುಟುಂಬದ ಹೆಗಲಿಗೆ ಬಿತ್ತು, ಸುಮಾರು 50 ಕೋಟಿ ಡಾಲರ್ ನೈಜೀರಿಯಾಕ್ಕೆ ಮರಳಿತು.

ಮೂರನೆಯದು ಆಸ್ತಿ ಇರುವ ದೇಶದಲ್ಲಿ ಖಾಸಗಿ ವ್ಯಕ್ತಿಯಂತೆಯೇ ಸಿವಿಲ್ ದಾವೆ ಹೂಡುವುದು. ಜಾಂಬಿಯಾ ಸರ್ಕಾರ ತನ್ನ ಮಾಜಿ ಅಧ್ಯಕ್ಷ ಫ್ರೆಡರಿಕ್ ಚಿಲುಬಾ ಮತ್ತಿತರರ ವಿರುದ್ಧ ಲಂಡನ್‌ನಲ್ಲಿ ದಾವೆ ಹೂಡಿ 2007ರಲ್ಲಿ ಗೆದ್ದಿತು. ಆದರೆ ಆ ತೀರ್ಪನ್ನು ಸ್ವದೇಶದಲ್ಲಿ ಜಾರಿಗೊಳಿಸಲು ನೋಂದಾಯಿಸಬೇಕೆಂಬ ಕೋರಿಕೆಯನ್ನು ಜಾಂಬಿಯಾದ ಹೈಕೋರ್ಟ್ 2010ರಲ್ಲಿ ತಳ್ಳಿಹಾಕಿತು. ಲಂಡನ್‌ನ ದುಬಾರಿ ವಕೀಲರಿಗೆ ಹಣ ತೆರುವ ಮುನ್ನ ತೀರ್ಪು ಎಲ್ಲಿ, ಹೇಗೆ ಜಾರಿಯಾಗಬೇಕು ಎಂಬುದನ್ನು ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ದಾರಿಯನ್ನು ಹೆಚ್ಚಿನ ದೇಶಗಳು ಮರೆತೇಬಿಟ್ಟಿವೆ. ಲಂಚ ಕೊಟ್ಟ ದೊಡ್ಡ ಕಂಪನಿಗಳು ಶ್ರೀಮಂತ ದೇಶಗಳ ಅಭಿಯೋಜಕರೊಂದಿಗೆ ಇತ್ಯರ್ಥ ಮಾಡಿಕೊಂಡು ದೊಡ್ಡ ಮೊತ್ತದ ದಂಡ ಕಟ್ಟುತ್ತವೆ. 2020ರ ಜನವರಿಯಲ್ಲಿ ಏರ್‌ಬಸ್ ಕಂಪನಿ ಫ್ರಾನ್ಸ್, ಬ್ರಿಟನ್ ಮತ್ತು ಅಮೆರಿಕಗಳಿಗೆ ಒಟ್ಟು ಸುಮಾರು 360 ಕೋಟಿ ಯೂರೋ ಕಟ್ಟಲು ಒಪ್ಪಿತು. ಲಂಚದಿಂದ ನಷ್ಟವಾದದ್ದು ಬೇರೆ ದೇಶಗಳಿಗೆ, ದಂಡ ಸೇರಿದ್ದು ಈ ಮೂರು ಖಜಾನೆಗಳಿಗೆ. ಇದು ನ್ಯಾಯವಲ್ಲ. ಆದರೆ ಕೇಳಿದರೆ ಸಿಗುವುದೂ ಉಂಟು: ಬ್ರಿಟನ್‌ನ ಶಸ್ತ್ರಾಸ್ತ್ರ ಕಂಪನಿ ಬಿಎಇ ಸಿಸ್ಟಮ್ಸ್ ಪ್ರಕರಣದ ಇತ್ಯರ್ಥದ ಭಾಗವಾಗಿ ಟಾಂಜಾನಿಯಾಕ್ಕೆ 2012ರಲ್ಲಿ 2.95 ಕೋಟಿ ಪೌಂಡ್ ಬಂದು, ಪ್ರಾಥಮಿಕ ಶಾಲೆಗಳ ಪಠ್ಯಪುಸ್ತಕ ಮತ್ತು ಮೇಜುಗಳಿಗೆ ಬಳಕೆಯಾಯಿತು. ನಿಮ್ಮ ದೇಶದ ಹೆಸರು ಇಂಥ ಯಾವುದಾದರೂ ತನಿಖೆಯಲ್ಲಿ ಕಾಣಿಸಿದ ಕೂಡಲೇ, ಇತ್ಯರ್ಥಕ್ಕೆ ಸಹಿ ಬೀಳುವ ಮೊದಲು, ನಷ್ಟ ಪರಿಹಾರದ ಹಕ್ಕನ್ನು ಲಿಖಿತವಾಗಿ ಮಂಡಿಸಬೇಕು.

ಆರನೆಯ ಹೆಜ್ಜೆ: ಕೋರಿಕೆ ಪತ್ರ ಬರೆಯುವ ಬಗೆ

ಪರಸ್ಪರ ಕಾನೂನು ನೆರವಿನ ಪತ್ರ ಓದುವ ವ್ಯಕ್ತಿಗೆ ನಿಮ್ಮ ದೇಶದ ರಾಜಕೀಯ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವರ ಮೇಜಿನ ಮೇಲೆ ಅಂಥ ಪತ್ರಗಳು ರಾಶಿ ಬಿದ್ದಿರುತ್ತವೆ. ‘ಮಾಜಿ ಸಚಿವರು ಮತ್ತು ಅವರ ಬಂಧುಗಳು ನಿಮ್ಮ ದೇಶದಲ್ಲಿ ಹೊಂದಿರಬಹುದಾದ ಎಲ್ಲ ಖಾತೆಗಳ ವಿವರ ಒದಗಿಸಬೇಕಾಗಿ ಕೋರಿದೆ’ ಎಂದು ಬರೆದರೆ ಅದು ಗೊತ್ತುಗುರಿಯಿಲ್ಲದ ಹುಡುಕಾಟವೆನಿಸಿಕೊಂಡು ತಿರಸ್ಕಾರವಾಗುತ್ತದೆ.

ಅದರ ಬದಲು ಹೀಗೆ ಬರೆದರೆ ಏನಾಗುತ್ತದೆ ನೋಡಿ: ಬಂದರು ವಿಸ್ತರಣೆಯ ಗುತ್ತಿಗೆಗೆ ಇಂಥ ದಿನಾಂಕದಂದು ಸಚಿವರು ಸಹಿ ಹಾಕಿದರು, ಅದರ ಹನ್ನೊಂದನೆಯ ದಿನ ಗುತ್ತಿಗೆದಾರ ಕಂಪನಿಯ ಇಂಥ ಖಾತೆಯಿಂದ ‘ಸಲಹಾ ಶುಲ್ಕ’ ಎಂಬ ಬಾಬ್ತಿನಲ್ಲಿ ಇಷ್ಟು ಹಣ ಇಂಥ ಹೆಸರಿನ ಕಂಪನಿಗೆ ಹೋಯಿತು, ಆ ಕಂಪನಿಗೆ ನೌಕರರಿಲ್ಲ, ಕಚೇರಿಯಿಲ್ಲ, ಸಲಹೆ ಕೊಟ್ಟ ದಾಖಲೆಯೂ ಇಲ್ಲ, ಅದರ ಖಾತೆ ನಿರ್ವಹಿಸುವ ಅಧಿಕಾರ ಇರುವುದು ಸಚಿವರ ಮೈದುನನಿಗೆ, ಎರಡು ತಿಂಗಳ ಬಳಿಕ ಅದೇ ಖಾತೆಯಿಂದ ನಿಮ್ಮ ನಗರದ ಇಂಥ ವಿಳಾಸದ ಮನೆಗೆ ಮುಂಗಡ ಪಾವತಿಯಾಗಿದೆ, ಆದ್ದರಿಂದ ಈ ಖಾತೆಯ ಇಂಥ ಅವಧಿಯ ವಹಿವಾಟಿನ ವಿವರ, ಖಾತೆ ತೆರೆಯುವಾಗ ಸಲ್ಲಿಸಿದ ಅರ್ಜಿ ಮತ್ತು ಗುರುತಿನ ದಾಖಲೆಗಳು ಬೇಕು. ಇಲ್ಲಿ ಪ್ರತಿ ವಾಕ್ಯವೂ ಮುಂದಿನದಕ್ಕೆ ಕೊಂಡಿಯಾಗಿದೆ, ಮತ್ತು ಕೇಳಿದ ದಾಖಲೆ ಯಾಕೆ ಬೇಕೆಂಬುದು ಪತ್ರದೊಳಗೇ ಸ್ಪಷ್ಟವಿದೆ.

ಪತ್ರದಲ್ಲಿ ನಿಮ್ಮ ದೇಶದ ಕಾನೂನಿನ ಸೆಕ್ಷನ್‌ಗಳನ್ನು ಪೂರ್ಣವಾಗಿ ಉದ್ಧರಿಸಿ. ಅದೇ ಕೃತ್ಯ ಅಲ್ಲಿಯೂ ಅಪರಾಧವೆಂದು ತೋರಿಸಿ. ಹೆಸರು ಒಂದೇ ಆಗಿರಬೇಕಾಗಿಲ್ಲ, ಕೃತ್ಯ ಒಂದೇ ಆಗಿದ್ದರೆ ಸಾಕು. ಆದಾಯಕ್ಕೆ ಮೀರಿದ ಆಸ್ತಿಯನ್ನೇ ಅಪರಾಧವೆಂದು ಒಪ್ಪದ ದೇಶಕ್ಕೆ ಬರೆಯುವಾಗ ಅದೇ ಸಂಗತಿಗಳನ್ನು ಲಂಚ ಅಥವಾ ದುರ್ವಿನಿಯೋಗದ ನೆಲೆಯಲ್ಲಿ ನಿರೂಪಿಸಬೇಕಾಗುತ್ತದೆ. ಗೋಪ್ಯತೆ ಬೇಕಿದ್ದರೆ ಮೊದಲ ಪುಟದಲ್ಲಿಯೇ ಬರೆಯಿರಿ, ಏಕೆಂದರೆ ಕೆಲವು ದೇಶಗಳಲ್ಲಿ ಖಾತೆದಾರರಿಗೆ ಮೊದಲೇ ತಿಳಿಸಿ ಅವರ ಆಕ್ಷೇಪ ಕೇಳುವ ಪದ್ಧತಿಯಿದೆ. ಅನುವಾದವನ್ನು ಕಾನೂನು ಬಲ್ಲವರಿಂದ ಮಾಡಿಸಿ. ಆರೋಪಿಗೆ ನ್ಯಾಯಯುತ ವಿಚಾರಣೆ ಸಿಗುತ್ತದೆ ಎಂಬ ಭರವಸೆಯನ್ನೂ ಸೇರಿಸಿ. ಅಲ್ಲಿ ಆರೋಪಿಯ ವಕೀಲರು ಮೊದಲು ಎತ್ತುವ ಆಕ್ಷೇಪ ಇದು ರಾಜಕೀಯ ಸೇಡು ಎಂಬುದೇ ಆಗಿರುತ್ತದೆ. ಹೀಗಿರುವಾಗ ತನಿಖೆ ನಡೆಯುತ್ತಿರುವಾಗಲೇ ಸಚಿವರೊಬ್ಬರು ಆರೋಪಿಯನ್ನು ಕಳ್ಳನೆಂದು ಸಭೆಯಲ್ಲಿ ಕರೆದರೆ, ಆ ಭಾಷಣದ ಪ್ರತಿ ವಿದೇಶಿ ನ್ಯಾಯಾಲಯದಲ್ಲಿ ಆರೋಪಿಯ ಪರ ದಾಖಲೆಯಾಗಿ ಹಾಜರಾಗುತ್ತದೆ.

ಏಳನೆಯ ಹೆಜ್ಜೆ: ಹಿಡಿದ ಆಸ್ತಿಯನ್ನು ಹಾಳಾಗದಂತೆ ಕಾಯುವುದು

ಬ್ಯಾಂಕಿನ ಹಣ ಸುಮ್ಮನೆ ಕುಳಿತಿರಬಲ್ಲದು. ಹಡಗು, ವಿಮಾನ, ತೋಟ, ನಡೆಯುತ್ತಿರುವ ಕಂಪನಿ ಹಾಗಲ್ಲ. ಮಲೇಷ್ಯಾದ 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯಿಂದ 450 ಕೋಟಿ ಡಾಲರ್‌ಗೂ ಹೆಚ್ಚು ದುರ್ವಿನಿಯೋಗವಾಗಿದೆ ಎಂದು ಅಮೆರಿಕದ ನ್ಯಾಯ ಇಲಾಖೆ ಹೇಳಿತು. ಆ ಹಣದಿಂದ ಸುಮಾರು 25 ಕೋಟಿ ಡಾಲರ್ ತೆತ್ತು ಕೊಂಡದ್ದೆಂದು ಆರೋಪಿಸಲಾದ ಈಕ್ವಾನಿಮಿಟಿ ಎಂಬ ವಿಲಾಸಿ ಹಡಗನ್ನು 2018ರ ಫೆಬ್ರವರಿಯಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ವಶಪಡಿಸಿಕೊಂಡು ಆಗಸ್ಟ್‌ನಲ್ಲಿ ಮಲೇಷ್ಯಾಕ್ಕೆ ಒಪ್ಪಿಸಲಾಯಿತು. ಹಡಗಿನ ಸಿಬ್ಬಂದಿ, ಇಂಧನ, ವಿಮೆಗಳ ಖರ್ಚು ದಿನದಿನಕ್ಕೂ ಬೆಳೆಯುತ್ತಿದ್ದುದರಿಂದ ಮಲೇಷ್ಯಾ ಅದನ್ನು 2019ರಲ್ಲಿ 12.6 ಕೋಟಿ ಡಾಲರ್‌ಗೆ ಮಾರಿತು. ಅರ್ಧ ಬೆಲೆಗೆ ಹೋಯಿತೆಂದು ಟೀಕಿಸಿದವರಿದ್ದರು. ಇನ್ನಷ್ಟು ಕಾದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. ತೀರ್ಪಿಗೆ ಮೊದಲೇ ಆಸ್ತಿ ಮಾರಿ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಲು ಕಾನೂನಿನಲ್ಲಿ ಅವಕಾಶ ಇರಬೇಕು, ಇಲ್ಲದಿದ್ದರೆ ಅದನ್ನು ತರಲು ಇದೇ ಸಮಯ.

ಎಂಟನೆಯ ಹೆಜ್ಜೆ: ತೀರ್ಪಿನ ಜಾರಿ

ಮುಟ್ಟುಗೋಲು ಆದೇಶದ ದೃಢೀಕೃತ ಪ್ರತಿ, ಅದು ಅಂತಿಮವಾಗಿದೆ ಎಂಬ ಪ್ರಮಾಣಪತ್ರ, ಆ ಆಸ್ತಿಯ ಮೇಲೆ ಹಕ್ಕಿರಬಹುದಾದ ಪ್ರಾಮಾಣಿಕ ಮೂರನೆಯವರಿಗೆ ನೋಟಿಸ್ ಕೊಟ್ಟ ದಾಖಲೆ, ಆಸ್ತಿಯ ವಿವರ ಹಾಗೂ ಅಂದಾಜು ಮೌಲ್ಯ ಇವಿಷ್ಟು ಪತ್ರದ ಜೊತೆ ಹೋಗಬೇಕು. ಆದೇಶದಲ್ಲಿ ವಿದೇಶದಲ್ಲಿರುವ ಆ ನಿರ್ದಿಷ್ಟ ಆಸ್ತಿಯ ಉಲ್ಲೇಖವೇ ಇಲ್ಲದಿದ್ದರೆ ಜಾರಿ ಮಾಡುವವರ ಕೈ ಕಟ್ಟಿಹಾಕಿದಂತಾಗುತ್ತದೆ. ಮೂಲ ಹಣ ಕರಗಿಹೋಗಿದ್ದರೆ ಅದಕ್ಕೆ ಸಮನಾದ ಮೌಲ್ಯದ ಬೇರೆ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ನ್ಯಾಯಾಧೀಶರಿಂದ ಆದೇಶ ಪಡೆಯುವುದೂ ಸ್ವದೇಶದಲ್ಲಿಯೇ ಆಗಬೇಕಾದ ಕೆಲಸ.

ಒಂಬತ್ತನೆಯ ಹೆಜ್ಜೆ: ಮರಳಿದ ಹಣ ಮತ್ತೆ ಕಳವಾಗದಂತೆ

ಹಣ ಕೊಡುವ ದೇಶ ಷರತ್ತು ಹಾಕಬಹುದೇ ಎಂಬ ಬಗ್ಗೆ ದೀರ್ಘ ವಾದವಿದೆ. ಕಳೆದುಕೊಂಡ ದೇಶಗಳು ಅದು ತಮ್ಮದೇ ಹಣ, ದಾನವಲ್ಲ ಎನ್ನುತ್ತವೆ, ಮತ್ತು ಆ ಮಾತಿನಲ್ಲಿ ನ್ಯಾಯವಿದೆ. ಹಾಗಿದ್ದರೂ ಕದ್ದವರೇ ಇನ್ನೂ ಅಧಿಕಾರದಲ್ಲಿರುವ ಕಡೆ ಹಣವನ್ನು ಬೊಕ್ಕಸಕ್ಕೆ ಒಪ್ಪಿಸಿದರೆ ಜನರಿಗೆ ತಲುಪುವ ಖಾತರಿಯಿಲ್ಲ. 2017ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಜಾಗತಿಕ ಆಸ್ತಿ ಮರುವಶ ವೇದಿಕೆ, ಎರಡೂ ದೇಶಗಳು ಆರಂಭದಿಂದಲೇ ಮಾತುಕತೆ ನಡೆಸಬೇಕು, ಒಪ್ಪಂದ ಪಾರದರ್ಶಕವಾಗಿರಬೇಕು, ತಪ್ಪಿತಸ್ಥರಿಗೆ ಲಾಭವಾಗಬಾರದು ಎಂಬ ತತ್ತ್ವಗಳನ್ನು ಮುಂದಿಟ್ಟಿತು.

ಕಝಾಕಸ್ತಾನದ ಉದಾಹರಣೆ ಇಲ್ಲಿ ಉಪಯುಕ್ತ. ತೈಲ ಹಕ್ಕುಗಳಿಗೆ ಸಂಬಂಧಿಸಿದ ಲಂಚದ ತನಿಖೆಯಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಸಿಕ್ಕಿದ ಸುಮಾರು 8.4 ಕೋಟಿ ಡಾಲರ್‌ಗಳನ್ನು ಸರ್ಕಾರದ ಕೈಗೆ ಕೊಡದೆ, ಮೂರು ದೇಶಗಳ ಒಪ್ಪಂದದಂತೆ ಬೋಟಾ ಎಂಬ ಪ್ರತಿಷ್ಠಾನ ರಚಿಸಿ 2014ರವರೆಗೆ ಬಡ ಮಕ್ಕಳು, ತಾಯಂದಿರು ಮತ್ತು ವಿದ್ಯಾರ್ಥಿಗಳಿಗಾಗಿ ಖರ್ಚು ಮಾಡಲಾಯಿತು. ಒಬಿಯಾಂಗ್ ಮಂಗೆ ಅವರಿಂದ ಅಮೆರಿಕ ವಶಪಡಿಸಿಕೊಂಡ ಆಸ್ತಿಯ 2.66 ಕೋಟಿ ಡಾಲರ್ 2021ರಲ್ಲಿ ವಿಶ್ವಸಂಸ್ಥೆ ಮತ್ತು ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಈಕ್ವಟೋರಿಯಲ್ ಗಿನಿಯ ಜನರ ಲಸಿಕೆ ಹಾಗೂ ಔಷಧಗಳಿಗೆ ಹೋಯಿತು. ನೈಜೀರಿಯಾಕ್ಕೆ ಸ್ವಿಟ್ಜರ್ಲೆಂಡ್ 2017ರ ಒಪ್ಪಂದದಂತೆ ಕೊಟ್ಟ ಸುಮಾರು 32 ಕೋಟಿ ಡಾಲರ್, ವಿಶ್ವಬ್ಯಾಂಕಿನ ನಿಗಾದಲ್ಲಿ ಬಡ ಕುಟುಂಬಗಳಿಗೆ ನೇರ ನಗದು ವರ್ಗಾವಣೆಯಾಗಿ ತಲುಪಿತು. ಫಿಲಿಪ್ಪೀನ್ಸ್ ಮಾರ್ಕೋಸ್ ಹಣದಿಂದ 1,000 ಕೋಟಿ ಪೆಸೊಗಳನ್ನು ಸೇನಾಡಳಿತದಲ್ಲಿ ಚಿತ್ರಹಿಂಸೆಗೊಳಗಾದವರ ಪರಿಹಾರಕ್ಕೆಂದು 2013ರ ಕಾನೂನಿನಲ್ಲಿ ಮೀಸಲಿಟ್ಟಿತು.

ಒಪ್ಪಂದ ಬರೆಯುವವರು ನೈಜೀರಿಯಾ, ಅಮೆರಿಕ ಮತ್ತು ಬ್ರಿಟನ್ ಅಧೀನದ ಜರ್ಸಿ ದ್ವೀಪದ ನಡುವಿನ 2020ರ ಒಪ್ಪಂದವನ್ನು ಮಾದರಿಯಾಗಿ ಓದಬೇಕು. ಅದರ ಪ್ರಕಾರ 30.8 ಕೋಟಿ ಡಾಲರ್‌ಗಳು ಲಾಗೋಸ್-ಇಬಾದಾನ್ ಹೆದ್ದಾರಿ, ಅಬುಜಾ-ಕಾನೊ ರಸ್ತೆ ಮತ್ತು ನೈಜರ್ ನದಿಯ ಎರಡನೆಯ ಸೇತುವೆ ಎಂಬ ಮೂರು ಹೆಸರಿಸಿದ ಕಾಮಗಾರಿಗಳಿಗೆ ಮಾತ್ರ ಸಲ್ಲಬೇಕು. ಲೆಕ್ಕವನ್ನು ಸ್ವತಂತ್ರ ಲೆಕ್ಕಪರಿಶೋಧಕರು ನೋಡಬೇಕು. ನಾಗರಿಕ ಸಂಘಟನೆಯೊಂದು ಕಾಮಗಾರಿಯ ಮೇಲೆ ನಿಗಾ ಇಡಬೇಕು. ಭ್ರಷ್ಟಾಚಾರದ ಆರೋಪ ಹೊತ್ತವರಿಗಾಗಲೀ, ಗೆದ್ದ ಮೊತ್ತದಲ್ಲಿ ಪಾಲು ಕೇಳುವ ವಕೀಲರಿಗಾಗಲೀ ಅದರಿಂದ ಒಂದು ಪೈಸೆಯೂ ಹೋಗಬಾರದು.

ಸರ್ಕಾರ ಸುಮ್ಮನಿದ್ದರೆ

ಮೇಲಿನ ಹೆಜ್ಜೆಗಳೆಲ್ಲ ಸರ್ಕಾರಕ್ಕೆ ಇಚ್ಛೆಯಿದೆ ಎಂದು ಭಾವಿಸಿ ಹೇಳಿದವು. ಇಲ್ಲದಿದ್ದಾಗಲೂ ದಾರಿಯಿದೆ. ಪ್ಯಾರಿಸ್‌ನ ಅವೆನ್ಯೂ ಫೋಶ್‌ನಲ್ಲಿ ಒಬಿಯಾಂಗ್ ಮಂಗೆ ಹೊಂದಿದ್ದ ಭವ್ಯ ಕಟ್ಟಡದ ಪ್ರಕರಣವನ್ನು ಎತ್ತಿದ್ದು ಯಾವ ಸರ್ಕಾರವೂ ಅಲ್ಲ. ಶೆರ್ಪಾ, ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಫ್ರಾನ್ಸ್ ಮುಂತಾದ ಸಂಘಟನೆಗಳು 2007ರಿಂದ ದೂರು ಕೊಡುತ್ತಾ ಬಂದವು. ದೂರು ಕೊಡುವ ಹಕ್ಕು ಸಂಘಟನೆಗೆ ಇದೆಯೆಂದು ಫ್ರಾನ್ಸ್‌ನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಒಪ್ಪಿತು; ಶಿಕ್ಷೆ ಅಂತಿಮವಾದದ್ದು 2021ರ ಜುಲೈನಲ್ಲಿ. ಆ ಕಟ್ಟಡ ರಾಯಭಾರ ಕಚೇರಿಯೆಂಬ ವಾದವನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಅದಕ್ಕೂ ಮೊದಲೇ, 2020ರ ಡಿಸೆಂಬರ್‌ನಲ್ಲಿ, ತಳ್ಳಿಹಾಕಿತ್ತು. ಅದೇ ವರ್ಷಗಳ ಒತ್ತಡದ ಫಲವಾಗಿ, ಮುಟ್ಟುಗೋಲಾದ ಹಣ ಮೂಲ ದೇಶದ ಜನರಿಗೆ ಮರಳುವಂತೆ ಫ್ರಾನ್ಸ್ 2021ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು.

ಅಮೆರಿಕ 2010ರಲ್ಲಿ ಆರಂಭಿಸಿದ್ದ ವಿಶೇಷ ಮರುವಶ ಉಪಕ್ರಮವನ್ನು 2025ರ ಫೆಬ್ರವರಿಯಲ್ಲಿ ವಿಸರ್ಜಿಸಿದ ಮೇಲೆ ಇಂಥ ಸಂಘಟನೆಗಳ ಕೆಲಸ ಇನ್ನಷ್ಟು ಭಾರವಾಗಿದೆ. ದೂರು ಕೊಡಲು ಬಯಸುವ ಸಂಘಟನೆ ಆಸ್ತಿ ಇರುವ ದೇಶದಲ್ಲಿ ಮೂರನೆಯವರ ದೂರನ್ನು ಒಪ್ಪುವ ಕಾನೂನು ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಆ ದೇಶದ ಒಂದು ಸಂಘಟನೆಯೊಂದಿಗೆ ಜಂಟಿಯಾಗಿ ಮುಂದುವರಿಯಬೇಕು. ಭೂ ನೋಂದಣಿ, ಕಂಪನಿ ನೋಂದಣಿಗಳ ಪ್ರತಿಗಳನ್ನು ದಿನಾಂಕ ಸಹಿತ ಪಡೆದಿಟ್ಟುಕೊಳ್ಳಬೇಕು, ದಾಖಲೆ ಕೊಟ್ಟವರ ಹೆಸರನ್ನು ಕಡತದಿಂದ ಹೊರಗಿಡಬೇಕು, ಮತ್ತು ಮೊದಲ ದೂರು ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು, ಅದರಲ್ಲಿ ತೋರಿಸಿದ ಕೊರತೆಯನ್ನು ತುಂಬಿ ಎರಡನೆಯ ದೂರು ಸಲ್ಲಿಸಬೇಕು.